ಸ್ಟಾರ್ಟ್ ಆಗದ ಕಾರಿಗೆ ಹೊಸ ಭಾಗ ಹಾಕಿಸುವ ಮೊದಲು: ಕರಾವಳಿಯ ಕಾರು ಮಾಲೀಕರಿಗೆ ಒಂದು ಎಚ್ಚರಿಕೆ

ಕಾರವಾರದಿಂದ ಭಟ್ಕಳದವರೆಗಿನ ಕಡಲಂಚಿನಲ್ಲಿ ಕಾರು ಇಟ್ಟುಕೊಂಡಿರುವವರು, ಅದರಲ್ಲೂ ಐದಾರು ವರ್ಷ ದಾಟಿದ ಕಾರಿರುವವರು, ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕು. ಮಳೆಗಾಲದಲ್ಲಿ ನನ್ನ ಪೆಟ್ರೋಲ್ ಕಾರು ಸ್ಟಾರ್ಟ್ ಆಗದೆ ನಿಂತಾಗ, ದೋಷ ಎಲ್ಲಿದೆ ಎಂದು ಒಮ್ಮೆಯೂ ಅಳೆದು ನೋಡದ ಗ್ಯಾರೇಜೊಂದು ಒಂದರ ಹಿಂದೊಂದು ಭಾಗಗಳನ್ನು ಬದಲಿಸಿ 15,000 ರೂಪಾಯಿಗೂ ಹೆಚ್ಚು ಹಣ ಪಡೆಯಿತು. ನಿಜವಾದ ಕಾರಣವಾಗಿದ್ದುದು ಎಂಜಿನ್ನನ್ನು ಕಾರಿನ ಲೋಹದ ಬಾಡಿಗೆ ಜೋಡಿಸಿ ಕರೆಂಟು ಬ್ಯಾಟರಿಗೆ ಮರಳಲು ದಾರಿಯಾಗುವ, ಕೆಲವೇ ನೂರು ರೂಪಾಯಿ ಬೆಲೆಯ, ಕಿಲುಬು ಹಿಡಿದ ಒಂದು ಅರ್ತಿಂಗ್ ವೈರ್.

ಲಕ್ಷಣ ಸ್ಪಷ್ಟವಾಗಿಯೇ ಇತ್ತು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಹತ್ತುತ್ತಿದ್ದವು, ಹಾರ್ನ್ ಜೋರಾಗಿಯೇ ಕೇಳುತ್ತಿತ್ತು, ಆದರೆ ಸೆಲ್ಫ್ ಹೊಡೆದರೆ ಬಾನೆಟ್ಟಿನೊಳಗಿನಿಂದ ‘ಟಕ್’ ಎಂಬ ಸದ್ದು ಬಂದು ಎಂಜಿನ್ ತಿರುಗದೆ ಉಳಿಯುತ್ತಿತ್ತು. ಗ್ಯಾರೇಜಿನವರು ಸದ್ದು ಕೇಳಿದ ಕೂಡಲೇ ಬ್ಯಾಟರಿ ಹೋಗಿದೆ ಎಂದು ತೀರ್ಮಾನಿಸಿದರು. ಹೊಸ ಬ್ಯಾಟರಿ ಹಾಕಿದ ಮೇಲೆ ಕೆಲವು ದಿನ ಕಾರು ಸ್ಟಾರ್ಟ್ ಆಯಿತು, ಬಳಿಕ ಅದೇ ‘ಟಕ್’. ಆಗ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ಸುಟ್ಟಿದೆ ಎಂದರು. ಅದನ್ನೂ ಬದಲಿಸಿ, ಸಮಸ್ಯೆ ಮತ್ತೆ ಮರಳಿದಾಗ ಸ್ಕ್ಯಾನರ್ ಹಚ್ಚಿ, ಕಡಿಮೆ ವೋಲ್ಟೇಜಿನ ಕೋಡು ಬಂದದ್ದನ್ನು ತೋರಿಸಿ, ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟಿದೆ, ಹುಬ್ಬಳ್ಳಿಯಿಂದ ತರಿಸಬೇಕು, ಮುಂಗಡ ಕೊಡಿ ಎಂದು ಕೇಳಿದರು. ನಾನು ಒಪ್ಪದೆ, ಅಂಕೋಲೆಯ ಕಡೆಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ನರನ್ನು ಮನೆಗೇ ಕರೆಸಿದೆ.

ಅವರು ಮೊದಲು ಮಾಡಿದ ಕೆಲಸ ಯಾವ ನಟ್ಟನ್ನೂ ಬಿಚ್ಚುವುದಾಗಿರಲಿಲ್ಲ. ಮಲ್ಟಿಮೀಟರ್ ತೆಗೆದು ಬ್ಯಾಟರಿಯ ಎರಡು ಕಂಬಗಳ ನಡುವೆ ಹಿಡಿದರು. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12 ವೋಲ್ಟಿಗಿಂತ ಕೆಳಗಿದ್ದರೆ ಅದು ಬಹುಪಾಲು ಖಾಲಿಯಾಗಿದೆ ಎಂದರ್ಥ. ನಮ್ಮದು ಸರಿಯಿತ್ತು. ನಂತರ ನನ್ನಿಂದ ಸೆಲ್ಫ್ ಹೊಡೆಸುತ್ತಾ ಅದೇ ಜಾಗದಲ್ಲಿ ಅಳೆದರು. ದುರ್ಬಲ ಬ್ಯಾಟರಿಯಾದರೆ ಆ ಕ್ಷಣ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿಯುತ್ತದೆ. ನಮ್ಮ ಬ್ಯಾಟರಿ 11 ವೋಲ್ಟಿಗಿಂತ ಮೇಲೆಯೇ ನಿಂತಿತು. “ಬ್ಯಾಟರಿಯಲ್ಲಿ ಜೀವ ಇದೆ ಸರ್, ಅದರ ಕರೆಂಟು ಮೋಟಾರಿಗೆ ಮುಟ್ತಾ ಇಲ್ಲ” ಎಂದರು. ಕೊನೆಗೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ, ಮತ್ತೆ ಸೆಲ್ಫ್ ಹೊಡೆಸಿದರು. ಅಲ್ಲಿ 0.2 ಅಥವಾ ಹೆಚ್ಚೆಂದರೆ 0.3 ವೋಲ್ಟ್ ಇರಬೇಕಾಗಿತ್ತು. ಮೀಟರು ಹತ್ತಿರ ಹತ್ತಿರ 5 ವೋಲ್ಟ್ ತೋರಿಸಿತು. ಅಷ್ಟೂ ವೋಲ್ಟೇಜು ಅರ್ತಿಂಗ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಜಂಪರ್ ಕೇಬಲ್ಲಿನ ಒಂದು ಎಳೆಯನ್ನು ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿದ ಕೂಡಲೇ ಕಾರು ಸ್ಟಾರ್ಟ್ ಆಯಿತು.

ಗ್ಯಾರೇಜಿನವರು ಅರ್ತಿಂಗ್ ನೋಡಿರಲಿಲ್ಲ ಎಂದು ಹೇಳಲಾರೆ. ಅವರು ಅರ್ತಿಂಗ್ ವೈರಿನ ಮೂಲಕ ಬಲ್ಬ್ ಹಚ್ಚಿ, ಅದು ಹೊತ್ತಿಕೊಂಡದ್ದನ್ನು ತೋರಿಸಿ, ಅರ್ತಿಂಗ್ ಸರಿಯಿದೆ ಎಂದು ನನ್ನೆದುರೇ ಹೇಳಿದ್ದರು. ಬಹಳ ಜನ ಮೋಸಹೋಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. 21 ವಾಟಿನ ಬಲ್ಬು ಎಳೆಯುವುದು 2 ಆಂಪಿಯರಿಗಿಂತ ಕಡಿಮೆ ಕರೆಂಟು. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರು ಎಳೆಯುವುದು 100 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು. ಕಿಲುಬಿನಿಂದ ವೈರಿನಲ್ಲಿ 0.03 ಓಮ್‌ನಷ್ಟು ರೋಧ ಹುಟ್ಟಿದೆ ಎಂದುಕೊಳ್ಳಿ. ಬಲ್ಬಿನ ಕರೆಂಟಿಗೆ ಅಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ಹದಿನೈದನೇ ಒಂದು ಭಾಗವೂ ಅಲ್ಲ, ಆದರೆ 100 ಆಂಪಿಯರಿಗೆ 3 ವೋಲ್ಟ್ ಕಳೆದುಹೋಗುತ್ತದೆ. ಹತ್ತಾರು ಎಳೆಗಳಲ್ಲಿ ಒಂದೆರಡೇ ಉಳಿದಿದ್ದರೂ ಬಲ್ಬು ಬೆಳಗುತ್ತದೆ, ಮೀಟರಿನ ಬೀಪ್ ಕೂಗುತ್ತದೆ. ಆದ್ದರಿಂದ ಅರ್ತಿಂಗನ್ನು ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಇದಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಕೀ ತಿರುಗಿಸಲು ಇನ್ನೊಬ್ಬರು. ಗೇರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಮತ್ತು ಬಟ್ಟೆ ಫ್ಯಾನು ಬೆಲ್ಟುಗಳಿಂದ ದೂರ ಇರಲಿ.

ಅರ್ತಿಂಗ್ ಕೆಟ್ಟ ಕಾರು ಇನ್ನೂ ಕೆಲವು ಸುಳಿವು ಕೊಡುತ್ತದೆ. ದಾರಿ ಸಿಗದ ಕರೆಂಟು ಕ್ಲಚ್ ಕೇಬಲ್, ಗೇರ್ ಕೇಬಲ್‌ಗಳಂಥ ಲೋಹದ ಭಾಗಗಳ ಮೂಲಕ ಹರಿಯಲು ಹೊರಟು ಅವು ಬಿಸಿಯಾಗುವುದುಂಟು. ಸೆಲ್ಫ್ ಹೊಡೆಯುವಾಗ ಡ್ಯಾಶ್‌ಬೋರ್ಡಿನ ಮೀಟರುಗಳ ಮುಳ್ಳುಗಳು ಕುಣಿಯುತ್ತವೆ, ಸಂಬಂಧವಿಲ್ಲದ ದೀಪಗಳು ಮಿಣುಕುತ್ತವೆ. ಇಸಿಎಂಗೆ ತಕ್ಕ ವೋಲ್ಟೇಜು ಸಿಗದಾಗ ಅದು ಕೋಡು ದಾಖಲಿಸುವುದು ಸಹಜ. ಆ ಕೋಡು ದೂರುವುದು ವೋಲ್ಟೇಜನ್ನು, ಇಸಿಎಂ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಹಳೆಯ ಇಸಿಎಂ ತಂದು ಹಾಕುತ್ತೇವೆ ಎನ್ನುವವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು, ಏಕೆಂದರೆ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಕೀಗೂ ಇಸಿಎಂಗೂ ಹೊಂದಿಕೆ ಮಾಡದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ನಮ್ಮ ಕಡೆ ಈ ದೋಷ ಹೆಚ್ಚಾಗಿರಲು ಕಾರಣ ಕಡಲಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಗಾಳಿಯಲ್ಲಿ ಬರುವ ಉಪ್ಪು, ತಾಮ್ರದ ವೈರು ಕಬ್ಬಿಣದ ಬಾಡಿಗೆ ಕೂಡುವ ಬೋಲ್ಟು ಇವಿಷ್ಟು ಸೇರಿದಲ್ಲಿ ಸವೆತ ಬೇಗ ಆಗುತ್ತದೆ. ನನ್ನ ಕಾರಿನ ವೈರು ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು; ಹೊದಿಕೆಯನ್ನು ಸೀಳಿದಾಗ ಮಾತ್ರ ಒಳಗಿನ ತಾಮ್ರ ಹಸಿರು ಪುಡಿಯಾಗಿ ಉದುರಿತು. ಎಲೆಕ್ಟ್ರಿಷಿಯನ್ನರು ಹೊಸ ವೈರು ಹಾಕುವ ಮೊದಲು ಬೋಲ್ಟಿನ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಬಳಿಕ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿದರು. ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟ ಇಲ್ಲದಿದ್ದರೂ ಅಡಕೆ ತೋಟದ ಪಕ್ಕದ ಶೆಡ್ಡಿನಲ್ಲಿ ಇಲಿಗಳು ವೈರು ಕಡಿಯುವುದು ಸಾಮಾನ್ಯ. ಅಲ್ಲಿಯೂ ಬಾನೆಟ್ ಎತ್ತಿ ಕಣ್ಣಾಡಿಸದೆ ಭಾಗ ಬದಲಿಸಲು ಹೋಗಬಾರದು.

ಎಲ್ಲ ‘ಸ್ಟಾರ್ಟ್ ಆಗದ’ ಕಾರುಗಳ ರೋಗವೂ ಒಂದೇ ಅಲ್ಲ. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ, ಸ್ಟಾರ್ಟರ್ ಮತ್ತು ದಪ್ಪ ಅರ್ತಿಂಗ್ ವೈರಿನ ಮೇಲೆ ಸಂದೇಹ ಪಡಬೇಕಾಗಿಲ್ಲ; ಆಗ ಪೆಟ್ರೋಲು ಬರುತ್ತಿದೆಯೇ, ಸ್ಪಾರ್ಕ್ ಇದೆಯೇ, ಇಮ್ಮೊಬಿಲೈಸರ್ ದೀಪ ಮಿನುಗುತ್ತಿದೆಯೇ ಎಂದು ನೋಡಬೇಕು. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದ ಕೂಡಲೇ ಹಿಂಬದಿಯ ಟ್ಯಾಂಕಿನಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್ ಎಂಬ ಸದ್ದು ಕೇಳಬೇಕು. ‘ಟಕ್’ ಸದ್ದೂ ಇಲ್ಲದೆ ಎಲ್ಲ ಮೌನವಾಗಿದ್ದರೆ ಫ್ಯೂಸ್, ರಿಲೇ, ಕ್ಲಚ್ ಪೆಡಲಿನ ಸ್ವಿಚ್ಚುಗಳನ್ನು ಪರೀಕ್ಷಿಸಬೇಕು. ಹೆದ್ದಾರಿಯಲ್ಲಿ ನಿಂತ ನೀರಿಗೆ ಇಳಿದು ಕಾರು ಬಂದ್ ಆಗಿದ್ದರೆ ಮಾತ್ರ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನೇ ಹಾಳಾಗುತ್ತದೆ.

ಗ್ಯಾರೇಜಿಗೆ ಕಾರು ಬಿಡುವಾಗ, ಯಾವ ಅಳತೆಯ ಆಧಾರದ ಮೇಲೆ ಭಾಗ ಬದಲಿಸುತ್ತೀರಿ ಎಂದು ಕೇಳಿ, ಆ ಅಂಕಿಯನ್ನು ಅಂದಾಜು ಪಟ್ಟಿಯಲ್ಲಿ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ವಾಪಸು ಪಡೆಯಿರಿ. ನಾನು ಪಟ್ಟುಹಿಡಿದು ತಂದಿದ್ದ ‘ಸುಟ್ಟ’ ಸ್ಟಾರ್ಟರ್ ಮೋಟಾರನ್ನು ಎಲೆಕ್ಟ್ರಿಷಿಯನ್ನರು ನೇರವಾಗಿ ಬ್ಯಾಟರಿಗೆ ಜೋಡಿಸಿದಾಗ ಅದು ಸಲೀಸಾಗಿ ತಿರುಗಿತು. ಅದರ ವಿಡಿಯೊ, ಬಿಲ್ಲುಗಳು ಮತ್ತು ಮೀಟರಿನ ಫೋಟೊಗಳೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೇವಾ ನ್ಯೂನತೆಯ ದೂರನ್ನು ಎರಡು ವರ್ಷಗಳೊಳಗೆ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಸಲ್ಲಿಸಬಹುದು. ಮೋಟಾರಿನ ಹಣವನ್ನು ಗ್ಯಾರೇಜಿನವರು ಹಿಂದಿರುಗಿಸದಿದ್ದರೆ ನಾನು ಅಲ್ಲಿಗೆ ಹೋಗುವವನಿದ್ದೇನೆ.