ಹಾರಂಗಿ ಹಿನ್ನೀರಿನ ಕಾಟೇಜು: ನೀರಿನ ಪಕ್ಕ ಹೀಗೆ ಕಟ್ಟಿದರೆ ಭಯವಿಲ್ಲ

2019ರ ಆಗಸ್ಟ್‌ನಲ್ಲಿ ಕೊಡಗಿನ ನೆಲ್ಯಹುದಿಕೇರಿಯ ನಮ್ಮ ಮನೆಗೆ ಕಾವೇರಿ ನುಗ್ಗಿತು. ಸ್ವಿಚ್ ಬೋರ್ಡ್‌ವರೆಗೂ ನೀರು. ಆಮೇಲೆ ಎರಡು ಸಲ ಬಣ್ಣ ಹೊಡೆಸಿದೆವು, ಆದರೂ ಗೋಡೆ ಮೇಲಿನ ಗೆರೆ ಮಸುಕಾಗಿ ಕಾಣುತ್ತದೆ. ಅದಕ್ಕಿಂತ ಕಷ್ಟ ಆಗಿದ್ದು ಕಕ್ಕಸು ಗುಂಡಿ ತುಂಬಿ ಬಾವಿಗೆ ಸೇರಿದ್ದು. ಎರಡು ತಿಂಗಳು ನಮ್ಮದೇ ಬಾವಿಯ ನೀರು ಮುಟ್ಟಲಿಲ್ಲ. ಹಾಗಾಗಿ ತಂಗಿ ಹಾರಂಗಿ ಹಿನ್ನೀರಿನ ಪಕ್ಕ ಕಾಟೇಜು ಬುಕ್ ಮಾಡಿದಾಗ ನಾನು ಬರಲ್ಲ ಅಂದಿದ್ದೆ.

ಈಗ ಎರಡು ಸಲ ಹೋಗಿ ಬಂದಿದ್ದೇನೆ. ಒಮ್ಮೆ ತುಲಾ ಸಂಕ್ರಮಣ ಮುಗಿದ ವಾರ, ಇನ್ನೊಮ್ಮೆ ಏಪ್ರಿಲ್‌ನಲ್ಲಿ. ಒಟ್ಟು ಆರು ಕಾಟೇಜು. ಇಬ್ಬರಿಗೆ ಒಂದು ರಾತ್ರಿಗೆ 4,500 ರೂಪಾಯಿ, ಬೆಳಗಿನ ತಿಂಡಿ ಸೇರಿ.

ಮೊದಲು ಕಣ್ಣಿಗೆ ಬಿದ್ದದ್ದು ಜೆಟ್ಟಿ, ಅಂದರೆ ದೋಣಿ ಹತ್ತುವ ಕಟ್ಟೆ. ಹಾರಂಗಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ. ಮಳೆಗಾಲ ಮುಗಿಯುವಾಗ ತುಂಬಿರುತ್ತದೆ, ನಾಲೆಗೆ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ಇಳಿದುಬಿಡುತ್ತದೆ. ಸಿಮೆಂಟಿನ ಜೆಟ್ಟಿ ಕಟ್ಟಿದರೆ ಏಪ್ರಿಲ್‌ನಲ್ಲಿ ಅದು ಒಣ ಕೆಸರಲ್ಲಿ ನಿಂತಿರುತ್ತದೆ ಅಷ್ಟೇ. ಇಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್‌ಗಳ ಮೇಲೆ ಹಲಗೆ ಜೋಡಿಸಿ ತೇಲಿಸಿದ್ದಾರೆ. ನೀರು ಹಿಂದೆ ಸರಿದ ಹಾಗೆ ಹಗ್ಗ ಸಡಿಲಿಸಿ ಇಡೀ ಜೆಟ್ಟಿಯನ್ನು ಮುಂದಕ್ಕೆ ತಳ್ಳುತ್ತಾರೆ. ಅಕ್ಟೋಬರ್‌ನಲ್ಲಿ ಅತ್ತಿ ಮರದ ಹತ್ತಿರ ಇದ್ದದ್ದು ಏಪ್ರಿಲ್‌ನಲ್ಲಿ 140 ಹೆಜ್ಜೆ ಕೆಳಗಿತ್ತು. ನಾನೇ ಎಣಿಸಿದೆ. ದೋಣಿಗೆ ಬ್ಯಾಟರಿ ಮೋಟಾರು. ಸದ್ದಿಲ್ಲ, ನೀರಿನ ಮೇಲೆ ಡೀಸೆಲ್ ಪೊರೆಯೂ ಇಲ್ಲ. ಈ ನೀರು ಪಿರಿಯಾಪಟ್ಟಣ, ಹುಣಸೂರು ಕಡೆಯ ಗದ್ದೆಗಳಿಗೆ ಹೋಗುವಂಥದ್ದು, ಅಲ್ವಾ.

ಕಾಟೇಜುಗಳು ನೀರಿನ ಅಂಚಿನಲ್ಲಿಲ್ಲ. ಜಲಾಶಯ ತುಂಬಿದಾಗಲೂ ನಡುವೆ ಅಗಲವಾದ ಹುಲ್ಲು ಜಾಗ ಉಳಿಯುತ್ತದೆ. ಎಂಟಡಿ ಕಂಬಗಳ ಮೇಲೆ ಮನೆ, ಕೆಳಗೆ ಕಾರು ಮತ್ತು ಸೌದೆ. ಮೀಟರ್ ಬೋರ್ಡ್ ಮಹಡಿಯಲ್ಲಿದೆ. ಬೇರೆಯವರು ಇದನ್ನು ಗಮನಿಸಲಿಕ್ಕಿಲ್ಲ, ನಾನು ಬಾಗಿಲು ತೆಗೆದ ತಕ್ಷಣ ನೋಡಿದ್ದು ಅದನ್ನೇ. ಒಂದು ಬದಿಗೆ ಬೇಲಿ ಇಲ್ಲ. ಆನೆಗಳು ನೀರಿಗೆ ಇಳಿಯುವ ದಾರಿ ಅದು, ಹಾಗೇ ಬಿಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಆ ದಾರಿಯಲ್ಲಿ ಹಸಿ ಲದ್ದಿ ಬಿದ್ದಿತ್ತು.

ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಮಾಲೀಕರು ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಮೊದಲು ಮುಚ್ಚಿದ ತೊಟ್ಟಿ, ಅದರೊಳಗೆ ಅಡ್ಡಗೋಡೆಗಳು. ಗಸಿ ಅಲ್ಲಿ ಕೆಳಗೆ ಕೂರುತ್ತದೆ. ಆಮೇಲೆ ಜಲ್ಲಿಕಲ್ಲಿನ ಉದ್ದ ಹಾಸು, ಅದರ ತುಂಬ ಕಾಬಾಳೆ ಗಿಡ, ಕೆಂಪು ಹೂವು. ಬೇರಿನ ನಡುವೆ ನಿಧಾನಕ್ಕೆ ಹರಿದು ಕೊನೆಯ ತೊಟ್ಟಿಗೆ ಬರುತ್ತದೆ. ಒಂದು ಸ್ಟೀಲ್ ಚೊಂಬಿನಲ್ಲಿ ತುಂಬಿ ಕೊಟ್ಟರು. ಮೂಗಿನ ಹತ್ತಿರ ಹಿಡಿದೆ. ಕೆರೆ ನೀರಿನ ವಾಸನೆ ಅಷ್ಟೇ, ಗಬ್ಬು ಇಲ್ಲ. ಅದನ್ನು ಬಾಳೆ ಗಿಡಕ್ಕೆ ಬಿಡುತ್ತಾರೆ, ಜಲಾಶಯಕ್ಕೆ ಒಂದು ಹನಿಯೂ ಇಲ್ಲ. ನಮ್ಮ ಬಾವಿ ನೆನಪಾಗಿ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

"ಆರು ಕಾಟೇಜಿಗೆ ಇಷ್ಟೆಲ್ಲ ಮಾಡಿ ಸಾಲ ಆಗಿದೆ ಅಕ್ಕ. ಅರವತ್ತು ಮನೆಗೆ ಮಾಡಿದ್ರೆ ಖರ್ಚೇನು ಹತ್ತು ಪಟ್ಟು ಆಗಲ್ಲ" ಅಂದರು.

ಅವರ ಮಾತು ಸರಿ. ಮಗಳು ಸ್ಟಾಕ್‌ಹೋಮ್‌ನಲ್ಲಿದ್ದಾಳೆ, ನಾನು ಹೋದಾಗ ಹಮ್ಮರ್ಬಿ ಎಂಬ ಬಡಾವಣೆ ತೋರಿಸಿದಳು. ಹಿಂದೆ ಅಲ್ಲಿ ಕಾರ್ಖಾನೆಗಳಿದ್ದವು, ಮಣ್ಣೆಲ್ಲ ವಿಷವಾಗಿತ್ತು. ಅದನ್ನು ತೆಗೆದು ನೀರಿನ ಸುತ್ತ ಸಾವಿರಾರು ಮನೆ ಕಟ್ಟಿದ್ದಾರೆ. ಕಸದ ಚೀಲವನ್ನು ಅಂಗಳದ ದುಂಡು ಬಾಯಿಗೆ ಹಾಕಿದರೆ ನೆಲದಡಿಯ ಪೈಪು ಎಳೆದುಕೊಂಡು ಹೋಗುತ್ತದೆ. ಕೊಳಚೆಯಿಂದ ಗ್ಯಾಸ್ ಮಾಡುತ್ತಾರೆ. ಮನೆ ಮುಂದೆಯೇ ದೋಣಿ ಕಟ್ಟುವ ಜಾಗ, ಆಚೆ ದಡಕ್ಕೆ ಪುಕ್ಕಟೆ ದೋಣಿ. ಒಬ್ಬೊಬ್ಬರೇ ಕಟ್ಟಿಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ನಮ್ಮಲ್ಲಿ ನಡೆಯುತ್ತಿರುವುದೇ ಒಬ್ಬೊಬ್ಬರ ಕಟ್ಟಡ. ಒಂದೊಂದು ಹೋಂಸ್ಟೇಗೂ ಒಂದೊಂದು ಗುಂಡಿ, ಒಂದೊಂದು ರಸ್ತೆ, ಗುಡ್ಡಕ್ಕೆ ಒಂದೊಂದು ಜೆಸಿಬಿ ಗಾಯ. 2018ರಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದನ್ನು ನೋಡಿದೆವು. ಕುಶಾಲನಗರದಲ್ಲಿ ನೆಲ ಸಮ, ಮಳೆ ಕಡಿಮೆ, ಆದರೂ ಹೊಳೆ ಪಕ್ಕದ ಬಡಾವಣೆಗಳು ಮುಳುಗಿದವು. ಹೊಳೆಗೆ ಬೇಕಾದ ಜಾಗ ಬಿಡದೆ ಸೈಟು ಮಾಡಿದ್ದರ ಫಲ ಅದು. ಹಾಗಾಗಿ ಕಟ್ಟುವುದಾದರೆ ಒಟ್ಟಿಗೆ ಕಟ್ಟಲಿ. ಕುಶಾಲನಗರದ ಕಡೆ, ಪ್ರವಾಹದ ಗೆರೆಯಿಂದ ಮೇಲೆ, ಇನ್ನೂರು ಮುನ್ನೂರು ಮನೆಗೆ ಒಂದೇ ಶುದ್ಧೀಕರಣ ಘಟಕ, ಒಂದೇ ತೇಲುವ ಜೆಟ್ಟಿ, ಬ್ಯಾಟರಿ ದೋಣಿ ಮಾತ್ರ. ಅದರಲ್ಲಿ ಅರ್ಧ ಮನೆ ನಮ್ಮ ಹಾಗೆ ಮುಳುಗಿದವರಿಗೆ ಸಿಗಬೇಕು. ಎಲ್ಲವೂ ಬೆಂಗಳೂರಿನವರ ವೀಕೆಂಡ್ ಮನೆ ಆದರೆ ನಾನು ಒಪ್ಪಲ್ಲ.

ಕಾಟೇಜಿನ ಕೊರತೆಯನ್ನೂ ಹೇಳಬೇಕು. ಕೊನೆಯ ಒಂದು ಕಿಲೋಮೀಟರ್ ರಸ್ತೆ ತುಂಬಾ ಹಾಳು, ಚಿಕ್ಕ ಕಾರಿನ ತಳ ತಾಗುತ್ತದೆ. ಮೋಡ ಇದ್ದ ದಿನ ಸೋಲಾರ್ ನೀರು ಉಗುರು ಬೆಚ್ಚಗೆ ಮಾತ್ರ, ಕೇಳಿದರೆ ಹಂಡೆಯಲ್ಲಿ ಕಾಯಿಸಿ ಕೊಡುತ್ತಾರೆ. ಶೀಟಿನ ಮಾಡು, ಮಳೆ ಬಂದರೆ ರಾತ್ರಿ ನಿದ್ದೆ ಕಷ್ಟ. ತಿಂಡಿಗೆ ಕೊಟ್ಟ ನೂಪುಟ್ಟು (ಅಕ್ಕಿ ಶಾವಿಗೆ) ಎರಡು ಸಲವೂ ಆರಿತ್ತು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು) ಮಾತ್ರ ಚೆನ್ನಾಗಿತ್ತು, ಹುಳಿಗೆ ಹಾಕುವ ಕಾಚಂಪುಳಿ ಹದವಾಗಿ ಹಾಕಿದ್ದರು.

ಮುಂದಿನ ಸಲ ಜುಲೈಗೆ ಬುಕ್ ಮಾಡಿದ್ದೇನೆ. ಜೋರು ಮಳೆಯಲ್ಲಿ ಆ ಕಾಬಾಳೆ ಹಾಸು ಉಕ್ಕುತ್ತದಾ ಇಲ್ಲವಾ, ಕಣ್ಣಾರೆ ನೋಡಬೇಕು. ನೀವು ಹೋದರೆ ದೋಣಿ ಹತ್ತುವ ಮೊದಲು ಹಿಂದಕ್ಕೆ ಹೋಗಿ ಅದನ್ನು ತೋರಿಸಿ ಅಂತ ಕೇಳಿ. ಬೇಜಾರು ಮಾಡಿಕೊಳ್ಳದೆ ತೋರಿಸುತ್ತಾರೆ.