ಜೆಮ್ ಪೋರ್ಟಲ್‌ನಲ್ಲಿ ನಮ್ಮ ಕಪಾಟು: ಪೋರ್ಟಲ್‌ಗೆ ನನ್ನ ಅಂಕ 5ಕ್ಕೆ 3.5

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಶೆಡ್. ಸ್ಟೀಲ್ ಕಪಾಟು, ರ‍್ಯಾಕ್ ಮಾಡುತ್ತೇವೆ. ನನ್ನನ್ನೂ ಸೇರಿಸಿ ಏಳು ಜನ. ಮೊದಲೆಲ್ಲ ಸರ್ಕಾರಿ ಆರ್ಡರ್ ಬೇಕಂದರೆ ಯಾರದಾದರೂ ಪರಿಚಯ ಹಿಡಿಯಬೇಕಿತ್ತು. ಸರ್ಕಾರಿ ಕಚೇರಿಗಳು ಸಾಮಾನು ಕೊಳ್ಳುವ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್ ಜೆಮ್‌ನಲ್ಲಿ ನನಗೆ ಅದು ಬೇಕಾಗಲಿಲ್ಲ. ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಇದ್ದರೆ ಇಎಂಡಿಯನ್ನೂ, ಅಂದರೆ ಬಿಡ್ ಜೊತೆ ಇಡುವ ಠೇವಣಿಯನ್ನೂ, ಕಟ್ಟಬೇಕಿಲ್ಲ. ಇದ್ದ ದುಡ್ಡೆಲ್ಲ ಸ್ಟೀಲ್ ಶೀಟಿಗೇ ಹೋಗುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಬಿಡ್ ತೆರೆದರೆ ನಾನು ಮೊದಲು ನೋಡೋದು ಒಂದೇ ಸಾಲು. ವಹಿವಾಟು, ಅನುಭವದ ಷರತ್ತಿನಲ್ಲಿ ಎಂಎಸ್‌ಇಗೆ (ನಮ್ಮಂಥ ಅತಿಸಣ್ಣ, ಸಣ್ಣ ಉದ್ದಿಮೆಗೆ) ವಿನಾಯಿತಿ ಇದೆಯಾ? ‘ನೋ’ ಅಂತಿದ್ದರೆ ಅಲ್ಲಿಗೇ ಬಿಟ್ಟೆ. ಅದನ್ನು ತೀರ್ಮಾನಿಸೋದು ಪೋರ್ಟಲ್ ಅಲ್ಲ, ಕೊಳ್ಳುವ ಕಚೇರಿ.

ಕಳೆದ ವರ್ಷ 80 ಕಪಾಟಿನ ಬಿಡ್ ಬಂತು. ದೊಡ್ಡ ಕಂಪನಿಯೊಂದು ಕಪಾಟಿಗೆ 9,200 ರೂಪಾಯಿ ಹಾಕಿತ್ತು, ನಾನು 10,300. ನಮ್ಮ ದರ ಎಲ್1ಗಿಂತ, ಅಂದರೆ ಎಲ್ಲಕ್ಕಿಂತ ಕಡಿಮೆ ದರಕ್ಕಿಂತ, ಶೇ 15ರಷ್ಟು ಹೆಚ್ಚಿನೊಳಗೆ ಇದ್ದು, ಅದೇ ದರಕ್ಕೆ ಇಳಿಯಲು ಒಪ್ಪಿದರೆ ಆರ್ಡರ್‌ನ ಶೇ 25ರಷ್ಟು ಸಣ್ಣವರಿಗೆ ಕೊಡಬೇಕು. 2012ರ ಖರೀದಿ ನೀತಿ ತಂದ ಅವಕಾಶ ಇದು. ಒಪ್ಪಿದೆ, 20 ಕಪಾಟು ಸಿಕ್ಕವು. ಆದರೆ ಆ ಕಂಪನಿ ಶೀಟನ್ನು ಲಾರಿಗಟ್ಟಲೆ ತರಿಸುತ್ತದೆ. ನಾನು ಡೀಲರ್ ಹೇಳಿದ ರೇಟಿಗೆ ತರಬೇಕು, ಪೌಡರ್ ಕೋಟಿಂಗನ್ನೂ ಹೊರಗೆ ಮಾಡಿಸಬೇಕು. ಕಪಾಟಿಗೆ 150 ರೂಪಾಯಿ ಉಳಿಯಿತು. ಅವಕಾಶ ನಿಜ, ಲಾಭ ಮಾತ್ರ ಇಷ್ಟೇ.

ಅಸಲಿ ಕಥೆ ಸಾಮಾನು ಇಳಿಸಿದ ಮೇಲೆ. ತಲುಪಿತು, ಸರಿಯಾಗಿದೆ ಅಂತ ಕಚೇರಿಯವರು ಆನ್‌ಲೈನ್‌ನಲ್ಲಿ ಸಿಆರ್‌ಎಸಿ ಅನ್ನೋ ಸ್ವೀಕೃತಿ ಪತ್ರ ಕೊಡಬೇಕು. ಅದಾದ 10 ದಿನಕ್ಕೆ ದುಡ್ಡು ಅನ್ನೋದು ನಿಯಮ. ನಮ್ಮ ಗಡಿಯಾರ ಶುರುವಾಗೋದೇ ಆ ಕಾಗದದಿಂದ. ಸ್ಟೋರಿನ ಸಾಹೇಬರು ರಜೆ, ಆಮೇಲೆ ಆಡಿಟ್, ಆಮೇಲೆ ‘ನಾಳೆ ಬಾರಮ್ಮಾ’. 1,84,000 ರೂಪಾಯಿ ಕೈಗೆ ಬರೋಕೆ 72 ದಿನ ಬೇಕಾಯಿತು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆನ್‌ಲೈನ್‌ನಲ್ಲಿ ದೂರನ್ನೂ ಕೊಡಬಹುದು. ನಾನು ಫಾರಂ ಅರ್ಧ ತುಂಬಿ ಮುಚ್ಚಿಟ್ಟೆ. ಅದೇ ಸಾಹೇಬರ ಮುಂದೆ ಮತ್ತೆ ನಿಲ್ಲಬೇಕಲ್ವಾ?

ಹೊಸಬರಿಗೆ ಒಂದು ಮಾತು: ಎರಡು ತಿಂಗಳ ಕೂಲಿ ಕೈಯಲ್ಲಿಟ್ಟುಕೊಂಡೇ ಬಿಡ್ ಹಾಕಿ. ರಾಜ್ಯ ಸರ್ಕಾರದ ಟೆಂಡರಿಗೆ ಕೆಪಿಪಿಪಿ ಅನ್ನೋ ಬೇರೆ ಪೋರ್ಟಲ್ ಇದೆ, ಅಲ್ಲಿ ಮತ್ತೆ ನೋಂದಣಿ ಆಗಬೇಕು.

ಈ ಸೋಮವಾರ 40 ರ‍್ಯಾಕಿನ ಬಿಡ್ ಒಂದು ಮುಚ್ಚುತ್ತದೆ. ವಿನಾಯಿತಿ ಸಾಲಿನಲ್ಲಿ ‘ಯೆಸ್’ ಅಂತಿದೆ. ಶೀಟಿನ ರೇಟು ಕೇಳೋಕೆ ಹೊರಟಿದ್ದೇನೆ.