ಎಸ್.ಪಿ. ರಸ್ತೆಯ ಹಳೇ ಡಿಸ್ಕ್ ಶೆಲ್ಫ್: ಪೆಟ್ಟಿಗೆ ಗಟ್ಟಿ, ಡಿಸ್ಕ್ ನೋಡಿ ಕೊಳ್ಳಿ

ಸರ್ವರ್‌ಗೆ ಹೊರಗಿನಿಂದ ಜೋಡಿಸುವ, 24 ಹಾರ್ಡ್ ಡಿಸ್ಕ್ ಹಿಡಿಯುವ ಪೆಟ್ಟಿಗೆಯಾದ ನೆಟ್‌ಆಪ್ ಕಂಪನಿಯ ಡಿಎಸ್ 4243 ಶೆಲ್ಫ್ ಈಗ ಹೊಸದಾಗಿ ಸಿಗುವುದಿಲ್ಲ. ಆದರೂ ಅದರ ಟ್ರೇ, ಪವರ್ ಸಪ್ಲೈ, ಕೇಬಲ್‌ಗಳಿಗಾಗಿ ಬೆಂಗಳೂರಿನಲ್ಲಿ ಹುಡುಕುವವರು ಕೊನೆಗೆ ಬಂದು ನಿಲ್ಲುವುದು ಸದರ್ ಪತ್ರಪ್ಪ (ಎಸ್.ಪಿ.) ರಸ್ತೆಯಲ್ಲೇ. ಹೋಗುವಾಗ ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ, ಕಾರು ನಿಲ್ಲಿಸಲು ಅಲ್ಲಿ ಜಾಗ ಎಲ್ಲಿದೆ? ಬರುವಾಗ ಮಾತ್ರ ಆಟೊ ಬೇಕೇ ಬೇಕು: 24 ಡಿಸ್ಕ್ ತುಂಬಿದ ಶೆಲ್ಫ್ ಸುಮಾರು 50 ಕೆ.ಜಿ. ತೂಗುತ್ತದೆ.

ಪೆಟ್ಟಿಗೆಯ ಬಗ್ಗೆ ದೂರಿಲ್ಲ. 4243, ಅದರ ನಂತರದ ಮಾದರಿ 4246, ಎರಡರದ್ದೂ ಚಾಸಿ ಒಂದೇ. ಕೇಬಲ್ ಸಿಕ್ಕಿಸುವ ಹಿಂದಿನ ಮಾಡ್ಯೂಲ್ ಐಒಎಂ 3 ಆದರೆ ವೇಗ ಸೆಕೆಂಡಿಗೆ 3 ಗಿಗಾಬಿಟ್, ಐಒಎಂ 6 ಆದರೆ 6. ಹಾಗಾಗಿ ಹೆಸರಿನ ಸ್ಟಿಕರ್ ನೋಡಿ ಹಣ ಕೊಡಬೇಡಿ, ಮಾಡ್ಯೂಲ್ ನೋಡಿ. ಸಾಮಾನ್ಯ ಲಿನಕ್ಸ್ ಸರ್ವರ್‌ಗೆ ಜೋಡಿಸಲು ಹೊರಗಿನ ಡಿಸ್ಕ್ ಜೋಡಿಸುವ ಎಲ್‌ಎಸ್‌ಐ 9207-8ಇ ಕಾರ್ಡ್, ಜೊತೆಗೆ ಶೆಲ್ಫ್ ಕಡೆಯ ತುದಿ ಕ್ಯೂಎಸ್‌ಎಫ್‌ಪಿ, ಕಾರ್ಡ್ ಕಡೆಯ ತುದಿ ಎಸ್‌ಎಫ್‌ಎಫ್-8088 ಇರುವ ಕೇಬಲ್ ಸಾಕು. ಶೆಲ್ಫ್‌ಗಿಂತ ಈ ಕೇಬಲ್ ಹುಡುಕುವುದೇ ಹೆಚ್ಚು ಕಷ್ಟ ಎಂದರೂ ಅಡ್ಡಿಯಿಲ್ಲ.

ತಕರಾರಿರುವುದು ಡಿಸ್ಕ್‌ಗಳದ್ದು. ಅಂಗಡಿಯವರ 'ಟೆಸ್ಟೆಡ್ ಓಕೆ' ಎಂದರೆ ಎಷ್ಟೋ ಸಲ ಮೋಟಾರ್ ತಿರುಗುತ್ತದೆ ಎಂದಷ್ಟೇ. ಹಣ ಎಣಿಸುವ ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆ ಓಡಿಸಿ 'ಗ್ರೋನ್ ಡಿಫೆಕ್ಟ್ ಲಿಸ್ಟ್', ಅಂದರೆ ಬಳಕೆಯಲ್ಲಿ ಕೆಟ್ಟ ಜಾಗಗಳ ಎಣಿಕೆ, ನೋಡಿ. ಸೊನ್ನೆ ಇದ್ದರೆ ಸರಿ; ಹತ್ತಿಪ್ಪತ್ತು ಇದ್ದು ಪರೀಕ್ಷೆಯ ನಡುವೆಯೇ ಏರುತ್ತಿದ್ದರೆ ವಾಪಸ್ ಕೊಡಿ. ಒಂದೇ ಕಡೆಯಿಂದ ಕಳಚಿ ತಂದ ಡಿಸ್ಕ್‌ಗಳು ಎಲ್ಲವೂ ಸಮಾನ ಗಂಟೆ ಓಡಿ ಸಮಾನವಾಗಿ ಸವೆದಿರುತ್ತವೆ. ಒಂದು ಕೆಟ್ಟು, ಅದರ ಡೇಟಾವನ್ನು ಉಳಿದ ಡಿಸ್ಕ್‌ಗಳಿಂದ ಮತ್ತೆ ಕಟ್ಟುವ ರೀಬಿಲ್ಡ್ ಶುರುವಾದಾಗ ಆ ಹೊರೆಗೆ ಪಕ್ಕದ್ದೂ ಬೀಳಬಹುದು. ಬೇರೆ ಬೇರೆ ಲಾಟ್‌ನಿಂದ ಆರಿಸಿ, ಎರಡು ಹೆಚ್ಚಿಗೇ ತನ್ನಿ.

ಲಿನಕ್ಸ್ 'ಅನ್‌ಸಪೋರ್ಟೆಡ್ ಸೆಕ್ಟರ್ ಸೈಜ್ 520' ಎಂದರೆ ಡಿಸ್ಕ್ ಕೆಟ್ಟಿಲ್ಲ. ಫೈಲರ್‌ಗಾಗಿ (ನೆಟ್‌ಆಪ್‌ನ ಸ್ಟೋರೇಜ್ ಸರ್ವರ್) ಪ್ರತಿ ಸೆಕ್ಟರ್‌ಗೆ, ಅಂದರೆ ಡಿಸ್ಕ್‌ನ ಪ್ರತಿ ಚಿಕ್ಕ ತುಂಡಿಗೆ, ಮಾಮೂಲಿ 512ರ ಮೇಲೆ 8 ಬೈಟ್ ಹೆಚ್ಚಿಗೆ ಇಟ್ಟ ಡಿಸ್ಕ್ ಅದು, ಅಷ್ಟೆ. ಲಿನಕ್ಸ್‌ನ ಎಸ್‌ಜಿ3 ಯುಟಿಲ್ಸ್ ಎಂಬ ಸಾಧನದ ಫಾರ್ಮ್ಯಾಟ್ ಆಜ್ಞೆಗೆ ಸೈಜ್ 512 ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ನಡುವೆ ಬೆಸ್ಕಾಂ ಕೈಕೊಟ್ಟರೆ 'ಮೀಡಿಯಂ ಫಾರ್ಮ್ಯಾಟ್ ಕರಪ್ಟೆಡ್' ಎಂದು ಡಿಸ್ಕ್ ಮೊಂಡು ಹಿಡಿಯುತ್ತದೆ. ಗಾಬರಿ ಬೇಡ, ಅದೇ ಫಾರ್ಮ್ಯಾಟ್ ಮೊದಲಿನಿಂದ ಓಡಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಈ ಸಲ ಯುಪಿಎಸ್ ಇರಲಿ. ಇನ್ನೂ ಓಡುತ್ತಿರುವ ಹಳೇ ಫೈಲರ್‌ಗೆ ಸ್ಪೇರ್ ತಂದಿದ್ದರೆ ಮಾತ್ರ 512ರ ತಂಟೆಗೆ ಹೋಗಲೇಬೇಡಿ.

ಶೆಲ್ಫ್‌ಗೆ ನಾಲ್ಕು ಪವರ್ ಸಪ್ಲೈ ಜಾಗಗಳಿವೆ. ಮಾಮೂಲಿ ಸಾಟಾ ಡಿಸ್ಕ್‌ಗಳಿಗೆ ಎರಡು ಸಾಕು, ನಿಮಿಷಕ್ಕೆ 15 ಸಾವಿರ ಸುತ್ತು ತಿರುಗುವ, ಸರ್ವರ್‌ಗೆಂದೇ ಮಾಡಿದ ಸ್ಯಾಸ್ ಡಿಸ್ಕ್‌ಗಳಿಗೆ ನಾಲ್ಕೂ ಬೇಕು. ಸದ್ದು ವಿಪರೀತ, ಕೂತು ಕೆಲಸ ಮಾಡುವ ಕೋಣೆಯಲ್ಲಿ ಇಡುವಂಥದ್ದಲ್ಲ. ಖಾಲಿ ಜಾಗಗಳಿಗೆ ಹಾಕುವ ಮುಚ್ಚಳವನ್ನು ಅಂಗಡಿಯಲ್ಲೇ ಕೇಳಿ ಪಡೆಯಿರಿ. ತೆರೆದು ಬಿಟ್ಟರೆ ಗಾಳಿ ಅಡ್ಡದಾರಿ ಹಿಡಿದು ಡಿಸ್ಕ್ ಬಿಸಿಯಾಗುತ್ತವೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ.